ಲಿನಕ್ಸ್‌ನಲ್ಲಿ ಎರಡು ಪದರದ ಎನ್‌ಕ್ರಿಪ್ಶನ್: ಡಿಎಂ-ಕ್ರಿಪ್ಟ್ ಮೇಲೆ ಎಫ್‌ಎಸ್‌ಕ್ರಿಪ್ಟ್ ಅಳವಡಿಸುವ ಕ್ರಮ

ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಲು ಲಿನಕ್ಸ್ ಕರ್ನಲ್‌ನಲ್ಲಿ ಎರಡು ಬೇರೆ ಬೇರೆ ಮಟ್ಟಗಳಲ್ಲಿ ಕೆಲಸ ಮಾಡುವ ವ್ಯವಸ್ಥೆಗಳಿವೆ. ಡಿಸ್ಕ್‌ಗೂ ಫೈಲ್ ಸಿಸ್ಟಮ್‌ಗೂ ನಡುವೆ ನಿಂತು ಪ್ರತಿಯೊಂದು ಸೆಕ್ಟರನ್ನೂ ಎನ್‌ಕ್ರಿಪ್ಟ್ ಮಾಡುವ ಡಿಎಂ-ಕ್ರಿಪ್ಟ್, 2004ರಲ್ಲಿ 2.6.4ನೇ ಆವೃತ್ತಿಯೊಂದಿಗೆ ಕರ್ನಲ್ ಸೇರಿತು. ಫೈಲ್ ಸಿಸ್ಟಮ್‌ನ ಒಳಗೇ ಇದ್ದುಕೊಂಡು, ಆಯ್ದ ಡೈರೆಕ್ಟರಿಗಳ ಕಡತಗಳನ್ನೂ ಅವುಗಳ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡುವ ಎಫ್‌ಎಸ್‌ಕ್ರಿಪ್ಟ್, 2015ರ 4.1ನೇ ಆವೃತ್ತಿಯಲ್ಲಿ ಎಕ್ಸ್ಟ್4ಗಾಗಿ ಬಂದು, ಮುಂದೆ ಎಫ್2ಎಫ್ಎಸ್, ಯುಬಿಐಎಫ್ಎಸ್ ಮೊದಲಾದವುಗಳಿಗೂ ಬಳಕೆಯಾಗುವ ಸಾಮಾನ್ಯ ಸೌಲಭ್ಯವಾಯಿತು. ಇವೆರಡನ್ನೂ ಒಂದೇ ಯಂತ್ರದಲ್ಲಿ ಒಂದರ ಮೇಲೊಂದು ಹೂಡುವ ಕ್ರಮವನ್ನು, ಹಾಗೆ ಹೂಡುವುದು ಯಾವಾಗ ಸಾರ್ಥಕ ಎಂಬುದನ್ನೂ ಸೇರಿಸಿ, ಇಲ್ಲಿ ವಿವರಿಸಲಾಗಿದೆ. ಆಜ್ಞೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಮ್ಯಾನ್ ಪುಟದಲ್ಲಿರುವ ಇಂಗ್ಲಿಷ್ ಕಾಗುಣಿತದಂತೆಯೇ ಕೊಡಬೇಕು.

ಎರಡು ಪದರ ಯಾರಿಗೆ ಬೇಕು

ಎರಡು ಸಲ ಎನ್‌ಕ್ರಿಪ್ಟ್ ಮಾಡಿದರೆ ಮಾಹಿತಿ ಎರಡು ಪಟ್ಟು ಭದ್ರವಾಗುತ್ತದೆ ಎಂಬ ಎಣಿಕೆಯಿಂದ ಈ ಕೆಲಸಕ್ಕೆ ಕೈಹಾಕುವವರು ನಿರಾಶರಾಗುತ್ತಾರೆ. ಡಿಎಂ-ಕ್ರಿಪ್ಟನ್ನು ನಡೆಸುವ ಕ್ರಿಪ್ಟ್‌ಸೆಟಪ್ ಉಪಕರಣದ ಈಗಿನ ಆವೃತ್ತಿಗಳು ತಾವಾಗಿಯೇ ಆರಿಸುವ, ಎಕ್ಸ್‌ಟಿಎಸ್ ವಿಧಾನದ ಎಇಎಸ್ ಎಂಬ ಎನ್‌ಕ್ರಿಪ್ಶನ್ ಕ್ರಮ, ತಲಾ 256 ಬಿಟ್‌ಗಳ ಎರಡು ಭಾಗ ಸೇರಿ ಒಟ್ಟು 512 ಬಿಟ್‌ಗಳ ಕೀಲಿಯನ್ನು ಬಳಸುತ್ತದೆ. ಅದನ್ನು ಮುರಿಯುವ ಸಾಮರ್ಥ್ಯ ಯಾರಿಗೂ ಇಲ್ಲದಿರುವಾಗ ಅದರ ಮೇಲೆ ಇನ್ನೊಂದು ಎಇಎಸ್ ಹೊದಿಸಿ ಗಳಿಸುವುದೇನೂ ಇಲ್ಲ. ಎರಡು ಪದರಗಳ ನಿಜವಾದ ಪ್ರಯೋಜನ ಇರುವುದು ಅವುಗಳ ಕೀಲಿಗಳು ಮೆಮೊರಿಯಲ್ಲಿ ಉಳಿಯುವ ಅವಧಿ ಬೇರೆ ಬೇರೆ ಎಂಬುದರಲ್ಲಿ.

ಡಿಎಂ-ಕ್ರಿಪ್ಟ್‌ನ ಕೀಲಿ, ಯಂತ್ರ ಚಾಲೂ ಆದಾಗ ಮೆಮೊರಿಗೆ ಬಂದರೆ ಯಂತ್ರ ಆರುವವರೆಗೂ ಅಲ್ಲೇ ಇರುತ್ತದೆ. ಆರಿಸಿಟ್ಟ ಲ್ಯಾಪ್‌ಟಾಪ್ ಕಳುವಾದರೆ, ಅಥವಾ ಕೆಟ್ಟ ಡಿಸ್ಕನ್ನು ವಾರಂಟಿಯಲ್ಲಿ ಹಿಂತಿರುಗಿಸಬೇಕಾದರೆ, ಈ ಪದರವೊಂದೇ ಸಾಕು. ಕಡತಗಳು ಎಷ್ಟಿವೆ, ಯಾವ ಗಾತ್ರದವು, ಖಾಲಿ ಜಾಗ ಎಲ್ಲಿದೆ ಎಂಬುದೂ ಹೊರಗಿನವರಿಗೆ ತಿಳಿಯುವುದಿಲ್ಲ. ಆದರೆ ಯಂತ್ರ ಓಡುತ್ತಿರುವಾಗ, ಅದರ ಮೇಲೆ ಖಾತೆಯಿರುವ ಹತ್ತು ಜನರ ಮಾಹಿತಿಯೂ ಏಕಕಾಲಕ್ಕೆ ತೆರೆದೇ ಇರುತ್ತದೆ, ಅವರಲ್ಲಿ ಒಂಬತ್ತು ಮಂದಿ ಲಾಗಿನ್ ಆಗದೇ ಇದ್ದರೂ.

ಈ ಕೊರತೆಯನ್ನು ಎಫ್‌ಎಸ್‌ಕ್ರಿಪ್ಟ್ ತುಂಬುತ್ತದೆ. ಪ್ರತಿ ಡೈರೆಕ್ಟರಿಗೂ ಪ್ರತ್ಯೇಕ ಕೀಲಿ ಇರಬಹುದು. ಬಳಕೆದಾರರು ಬಂದಾಗ ಅದು ತೆರೆದುಕೊಳ್ಳುತ್ತದೆ, ಹೋದಾಗ ಕರ್ನಲ್‌ನಿಂದ ಅಳಿಸಿಹೋಗುತ್ತದೆ. ಅದರ ದೌರ್ಬಲ್ಯ ಇರುವುದು ಇನ್ನೊಂದು ಕಡೆ: ಕಡತದ ಗಾತ್ರ, ಸಮಯಮುದ್ರೆ, ಅನುಮತಿಗಳು, ಡೈರೆಕ್ಟರಿಗಳ ರಚನೆ, ವಿಸ್ತೃತ ಗುಣಲಕ್ಷಣಗಳು ಇವ್ಯಾವುದನ್ನೂ ಅದು ಮುಚ್ಚುವುದಿಲ್ಲ. ಡಿಸ್ಕ್ ಕೈಗೆ ಸಿಕ್ಕವರಿಗೆ ಇವಿಷ್ಟೂ ನೇರವಾಗಿ ಕಾಣುತ್ತವೆ. ಹೀಗಾಗಿ ಕೆಳಗಿನ ಪದರ ಆರಿದ ಯಂತ್ರವನ್ನೂ ಮೇಲಿನ ಪದರ ಓಡುತ್ತಿರುವ ಯಂತ್ರವನ್ನೂ ಕಾಯುತ್ತದೆ. ಒಬ್ಬರೇ ಬಳಸುವ, ಕೆಲಸ ಮುಗಿದೊಡನೆ ಆರಿಸುವ ಯಂತ್ರಕ್ಕೆ ಎರಡನೆಯದರ ಅಗತ್ಯವಿಲ್ಲ. ಪ್ರಯೋಗಾಲಯದ ಹಂಚಿಕೆಯ ಯಂತ್ರಕ್ಕೆ, ತಿಂಗಳುಗಟ್ಟಲೆ ಆರದ ಸರ್ವರ್‌ಗೆ, ಸದಾ ಸ್ಲೀಪ್ ಸ್ಥಿತಿಯಲ್ಲಿ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪ್‌ಗೆ ಅದು ಬೇಕು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೆರೆದಿರುವ ಡೈರೆಕ್ಟರಿಯನ್ನು ರೂಟ್ ಬಳಕೆದಾರರು ಯಾವ ಅಡ್ಡಿಯೂ ಇಲ್ಲದೆ ಓದಬಲ್ಲರು. ಕೀಲಿ ಸೇರುವುದು ಇಡೀ ಫೈಲ್ ಸಿಸ್ಟಮ್‌ಗೆ, ಅದನ್ನು ಕೊಟ್ಟ ಬಳಕೆದಾರರೊಬ್ಬರ ಪ್ರಕ್ರಿಯೆಗಳಿಗೆ ಮಾತ್ರವಲ್ಲ. ಅಲ್ಲಿಂದ ಮುಂದೆ ಯಾರು ಓದಬಹುದು ಎಂಬುದನ್ನು ಎಂದಿನ ಅನುಮತಿಗಳೇ ನಿರ್ಧರಿಸುತ್ತವೆ. ನಿರ್ವಾಹಕರನ್ನೇ ನಂಬದಿರುವ ಪರಿಸ್ಥಿತಿಗೆ ಈ ವ್ಯವಸ್ಥೆ ಉತ್ತರವಲ್ಲ.

ಕೆಳಗಿನ ಪದರ: ಲಕ್ಸ್2

ಡಿಎಂ-ಕ್ರಿಪ್ಟ್‌ನ ಕೀಲಿಯನ್ನು ಪಾಸ್‌ಫ್ರೇಸ್‌ನಿಂದ ಕಾಪಾಡಿ ಡಿಸ್ಕ್‌ನ ಆರಂಭದ ಹೆಡರ್‌ನಲ್ಲಿ ಇಡುವ ಮಾದರಿಗೆ ಲಕ್ಸ್ ಎಂದು ಹೆಸರು; ಲಕ್ಸ್2 ಅದರ ಎರಡನೇ ಆವೃತ್ತಿ. ಡೆಬಿಯನ್ ಮತ್ತು ಉಬುಂಟು ಅನುಸ್ಥಾಪನೆಯಲ್ಲೇ ಎನ್‌ಕ್ರಿಪ್ಟ್ ಮಾಡಿದ ಎಲ್‌ವಿಎಂ (ಡಿಸ್ಕ್‌ನ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಆಯ್ಕೆಯಿದೆ. ಅದನ್ನು ಆರಿಸಿ ಸ್ಥಾಪಿಸಿದ್ದರೆ ಡಿಎಂ-ಕ್ರಿಪ್ಟ್ ಈಗಾಗಲೇ ಸಿದ್ಧವಾಗಿದೆ; ಬೂಟ್ ವಿಭಾಗವೂ ಪ್ರತ್ಯೇಕವಾಗಿ, ಎನ್‌ಕ್ರಿಪ್ಟ್ ಆಗದೆ ಉಳಿದಿರುತ್ತದೆ. ಕೈಯಿಂದಲೇ ಮಾಡುವವರು ಮೊದಲು ಕ್ರಿಪ್ಟ್‌ಸೆಟಪ್‌ನ ಬೆಂಚ್‌ಮಾರ್ಕ್ ಆಜ್ಞೆಯನ್ನು ಓಡಿಸಿ ತಮ್ಮ ಯಂತ್ರದಲ್ಲಿ ಎಇಎಸ್ ಎಷ್ಟು ವೇಗವಾಗಿ ನಡೆಯುತ್ತದೆ ಎಂದು ನೋಡಿಕೊಳ್ಳಬೇಕು. ಇಂದಿನ ಇಂಟೆಲ್ ಮತ್ತು ಎಎಂಡಿ ಸಿಪಿಯುಗಳಲ್ಲಿ ಎಇಎಸ್‌ಗೆಂದೇ ಸೂಚನೆಗಳಿರುವುದರಿಂದ ಚಿಂತೆಯಿಲ್ಲ. ರಾಸ್ಪ್‌ಬೆರಿ ಪೈ 4ರಂಥ, ಆ ಸೂಚನೆಗಳಿಲ್ಲದ ಯಂತ್ರಗಳಲ್ಲಿ ಎರಡು ಪದರ ಹೊದಿಸಿದರೆ ನಿಧಾನವಾಗುವುದು ಸ್ಪಷ್ಟವಾಗಿ ಕಾಣುತ್ತದೆ, ಅಂಥಲ್ಲಿ 5.0ನೇ ಕರ್ನಲ್‌ನೊಂದಿಗೆ ಬಂದ ಅಡಿಯಾಂಟಮ್ ಎಂಬ ವಿಧಾನವನ್ನು ಎರಡೂ ಮಟ್ಟಗಳಲ್ಲಿ ಬಳಸಬಹುದು.

ಲಕ್ಸ್‌ಫಾರ್ಮ್ಯಾಟ್ ಆಜ್ಞೆ ಕೊಡುವಾಗ ಪ್ರಕಾರವನ್ನು ಲಕ್ಸ್2 ಎಂದೂ, ಡಿಸ್ಕ್ ಒಪ್ಪುವುದಾದರೆ ಸೆಕ್ಟರ್ ಗಾತ್ರವನ್ನು 4096 ಎಂದೂ ಸೂಚಿಸಿ. ಹಳೆಯ ರೂಢಿಯ 512 ಬೈಟ್‌ಗಳ ಸೆಕ್ಟರ್‌ನಲ್ಲಿ ಪ್ರತಿ 4 ಕೆಬಿ ಬ್ಲಾಕ್‌ಗೆ ಎಂಟು ಬಾರಿ ಪ್ರತ್ಯೇಕ ಲೆಕ್ಕಾಚಾರ ನಡೆಯಬೇಕಾಗುತ್ತದೆ. ಮೇಲೆ ಇನ್ನೊಂದು ಪದರ ಬರಲಿರುವಾಗ ಈ ಉಳಿತಾಯ ಬೆಲೆಬಾಳುವಂಥದು. ಪಾಸ್‌ಫ್ರೇಸ್‌ನಿಂದ ಕೀಲಿ ಹುಟ್ಟಿಸುವ ಆರ್ಗಾನ್2 ವಿಧಾನ 1 ಜಿಬಿಯವರೆಗೆ ಮೆಮೊರಿ ಬಳಸಬಲ್ಲದು. ಆದ್ದರಿಂದ ದೊಡ್ಡ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಕಡಿಮೆ ಮೆಮೊರಿಯ ಯಂತ್ರದಲ್ಲಿ ತೆರೆಯಬೇಕಿದ್ದರೆ ಆ ಮಿತಿಯನ್ನು ಮೊದಲೇ ಇಳಿಸಿಡಿ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಸೂಚನೆ: ಲಕ್ಸ್ ಪಾಸ್‌ಫ್ರೇಸನ್ನು ಕನ್ನಡ ಅಕ್ಷರಗಳಲ್ಲಿ ಇಡಬೇಡಿ. ಅದನ್ನು ಕೇಳುವುದು ಬೂಟ್ ಆಗುವ ಮೊದಲ ಹಂತದಲ್ಲಿ; ಆಗ ಡೆಸ್ಕ್‌ಟಾಪ್ ಆಗಲಿ ಕನ್ನಡ ಕೀಲಿಮಣೆಯ ವ್ಯವಸ್ಥೆಯಾಗಲಿ ಇನ್ನೂ ಎದ್ದಿರುವುದಿಲ್ಲ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಐದಾರು ಪದಗಳನ್ನು ಜೋಡಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ.

ವಿಭಾಗವನ್ನು ತೆರೆದ ಮೇಲೆ ಮ್ಯಾಪರ್ ಡೈರೆಕ್ಟರಿಯಲ್ಲಿ ಕಾಣಿಸಿಕೊಳ್ಳುವ ಸಾಧನದ ಮೇಲೆ ಫೈಲ್ ಸಿಸ್ಟಮ್ ರಚಿಸಬೇಕು. ಎಕ್ಸ್ಟ್4 ಆದರೆ ರಚಿಸುವಾಗಲೇ ಎನ್‌ಕ್ರಿಪ್ಟ್ ಎಂಬ ವೈಶಿಷ್ಟ್ಯವನ್ನು ಹಚ್ಚಿ. ಈಗಾಗಲೇ ಇರುವ ಎಕ್ಸ್ಟ್4ಗೆ ಟ್ಯೂನ್2ಎಫ್ಎಸ್ ಮೂಲಕ ಇದನ್ನೇ ಸೇರಿಸಬಹುದು. 5.5ಕ್ಕಿಂತ ಹಳೆಯ ಕರ್ನಲ್ ಬಳಸುವವರು ಬ್ಲಾಕ್ ಗಾತ್ರವೂ ಮೆಮೊರಿ ಪುಟದ ಗಾತ್ರವೂ ಒಂದೇ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಬೂಟ್ ವಿಭಾಗಕ್ಕೆ ಈ ವೈಶಿಷ್ಟ್ಯವನ್ನು ಹಚ್ಚಬೇಡಿ: ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್‌ನ 2.04ಕ್ಕಿಂತ ಹಿಂದಿನ ಆವೃತ್ತಿ ಅಂಥ ಫೈಲ್ ಸಿಸ್ಟಮನ್ನು ಓದಲಾರದು. ಎಕ್ಸ್‌ಎಫ್ಎಸ್ ಬಳಸುವವರಿಗೆ ಈ ಮಾರ್ಗ ತೆರೆದಿಲ್ಲ, ಏಕೆಂದರೆ ಅದರಲ್ಲಿ ಎಫ್‌ಎಸ್‌ಕ್ರಿಪ್ಟ್ ಬೆಂಬಲವಿಲ್ಲ.

ಮುಂದುವರಿಯುವ ಮೊದಲು ಲಕ್ಸ್‌ಹೆಡರ್‌ಬ್ಯಾಕಪ್ ಆಜ್ಞೆಯಿಂದ ಹೆಡರ್‌ನ ಪ್ರತಿ ತೆಗೆದು ಬೇರೆ ಡಿಸ್ಕ್‌ನಲ್ಲಿಡಿ. ಹೆಡರ್ ಹಾಳಾದರೆ ಸರಿಯಾದ ಪಾಸ್‌ಫ್ರೇಸ್ ಗೊತ್ತಿದ್ದರೂ ಡಿಸ್ಕ್ ತೆರೆಯುವುದಿಲ್ಲ.

ಮೇಲಿನ ಪದರ: ಎಫ್‌ಎಸ್‌ಕ್ರಿಪ್ಟ್

ಕರ್ನಲ್‌ನ ಸೌಲಭ್ಯಕ್ಕೂ ಅದನ್ನು ನಡೆಸಲು ಗೂಗಲ್ ಬರೆದ ಉಪಕರಣಕ್ಕೂ ಹೆಸರು ಒಂದೇ, ಎಫ್‌ಎಸ್‌ಕ್ರಿಪ್ಟ್. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಆ ಉಪಕರಣದ ಪ್ಯಾಕೇಜನ್ನೂ, ಲಾಗಿನ್ ಜೊತೆ ಬೆಸೆಯುವ ಪಿಎಎಂ ಮಾಡ್ಯೂಲ್‌ನ ಪ್ಯಾಕೇಜನ್ನೂ ಸ್ಥಾಪಿಸಿ, ರೂಟ್ ಆಗಿ ಒಮ್ಮೆ ಸೆಟಪ್ ಆಜ್ಞೆ ಕೊಡಿ. ಹೋಮ್ ಡೈರೆಕ್ಟರಿ ಬೇರೆ ಫೈಲ್ ಸಿಸ್ಟಮ್‌ನಲ್ಲಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಇನ್ನೊಮ್ಮೆ ಕೊಡಬೇಕು. 5.4ನೇ ಕರ್ನಲ್‌ನಿಂದ ಲಭ್ಯವಿರುವ ಎರಡನೇ ಆವೃತ್ತಿಯ ಪಾಲಿಸಿಯನ್ನೇ (ಅದರ ಅರ್ಥ ಮುಂದೆ ಬರುತ್ತದೆ) ಬಳಸಿ. ಮೊದಲನೇ ಆವೃತ್ತಿಯಲ್ಲಿ ಡೈರೆಕ್ಟರಿಯನ್ನು ಮತ್ತೆ ಮುಚ್ಚಲು ರೂಟ್ ಅಧಿಕಾರ ಬೇಕಾಗುತ್ತಿತ್ತು. ಎರಡನೆಯದರಲ್ಲಿ ಬಳಕೆದಾರರೇ ಮುಚ್ಚಬಹುದು, ಮತ್ತು ಪ್ರತಿ ಕಡತದ ಕೀಲಿಯನ್ನು ಮೂಲ ಕೀಲಿಯಿಂದ ಹುಟ್ಟಿಸುವ ವಿಧಾನವೂ ಎಚ್‌ಕೆಡಿಎಫ್ ಎಂಬ ಗಟ್ಟಿಯಾದ ಮಾನಕಕ್ಕೆ ಬದಲಾಗಿದೆ.

ಈ ಉಪಕರಣದ ಲೋಕದಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಡೈರೆಕ್ಟರಿಯನ್ನು ಎನ್‌ಕ್ರಿಪ್ಟ್ ಮಾಡುವ ನಿಜವಾದ ಕೀಲಿಗೆ ಸಂಬಂಧಿಸಿದ್ದು ಪಾಲಿಸಿ. ಆ ಕೀಲಿಯನ್ನು ಸುತ್ತಿ ಕಾಪಾಡುವುದು ಪ್ರೊಟೆಕ್ಟರ್. ಲಾಗಿನ್ ಪಾಸ್‌ವರ್ಡ್, ಪ್ರತ್ಯೇಕ ಪಾಸ್‌ಫ್ರೇಸ್ ಅಥವಾ ಕೀಲಿಕಡತ, ಈ ಮೂರರಲ್ಲಿ ಯಾವುದಾದರೂ ಪ್ರೊಟೆಕ್ಟರ್‌ಗೆ ಆಧಾರವಾಗಬಹುದು, ಮತ್ತು ಒಂದೇ ಪಾಲಿಸಿಗೆ ಹಲವು ಪ್ರೊಟೆಕ್ಟರ್‌ಗಳಿರಬಹುದು. ಪಾಲಿಸಿಯ ಕೀಲಿಯೂ ಲಕ್ಸ್‌ನ ಕೀಲಿಯೂ ಯಾದೃಚ್ಛಿಕವಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟುತ್ತವೆ. ಆದ್ದರಿಂದ ಎರಡು ಪದರ ಸೇರಿ ಒಂದನ್ನೊಂದು ದುರ್ಬಲಗೊಳಿಸುವ ಭಯವಿಲ್ಲ. ಆದರೆ ಎರಡಕ್ಕೂ ಒಂದೇ ಪಾಸ್‌ಫ್ರೇಸ್ ಇಟ್ಟರೆ, ಬೂಟ್ ಮಾಡಬಲ್ಲ ಪ್ರತಿಯೊಬ್ಬರೂ ಆ ಡೈರೆಕ್ಟರಿಯನ್ನೂ ತೆರೆಯಬಲ್ಲರು. ಆಗ ಮೇಲಿನ ಪದರ ಕೇವಲ ಸಿಪಿಯುಗೆ ಕೆಲಸ ಕೊಡುತ್ತದೆ.

ಇಡೀ ಹೋಮ್ ಡೈರೆಕ್ಟರಿಯನ್ನು ಎನ್‌ಕ್ರಿಪ್ಟ್ ಮಾಡಬೇಕೇ, ಅದರೊಳಗಿನ ಒಂದು ಡೈರೆಕ್ಟರಿಯನ್ನು ಮಾತ್ರವೇ ಎಂಬ ಪ್ರಶ್ನೆಗೆ ನನ್ನ ಒಲವು ಎರಡನೆಯದರ ಕಡೆಗಿದೆ. ಲಾಗಿನ್ ಆಗಿರುವಷ್ಟು ಹೊತ್ತೂ ಹೋಮ್ ಡೈರೆಕ್ಟರಿಯ ಹತ್ತಾರು ಕಡತಗಳು ಬಳಕೆಯಲ್ಲಿರುವುದರಿಂದ ಅದನ್ನು ಮುಚ್ಚಲಾಗುವುದಿಲ್ಲ. ಅಂದರೆ ಸ್ಲೀಪ್‌ಗೆ ಹೋಗುವ ಲ್ಯಾಪ್‌ಟಾಪ್‌ನಲ್ಲಿ ಅದರ ಕೀಲಿಯೂ ಲಕ್ಸ್‌ನ ಕೀಲಿಯಂತೆಯೇ ಮೆಮೊರಿಯಲ್ಲಿ ಉಳಿಯುತ್ತದೆ. ಲೆಕ್ಕಪತ್ರ, ವೈದ್ಯಕೀಯ ದಾಖಲೆ, ಸಂಶೋಧನೆಯ ದತ್ತಾಂಶ ಇಂಥವುಗಳಿಗೆಂದೇ ಒಂದು ಡೈರೆಕ್ಟರಿ ಮಾಡಿ, ಪ್ರತ್ಯೇಕ ಪಾಸ್‌ಫ್ರೇಸ್ ಕೊಟ್ಟರೆ, ಕೆಲಸ ಮುಗಿದ ಕೂಡಲೇ ಲಾಕ್ ಆಜ್ಞೆಯಿಂದ ಅದನ್ನು ಮುಚ್ಚಿ ಉಳಿದ ಕೆಲಸ ಮುಂದುವರಿಸಬಹುದು. ಹಂಚಿಕೆಯ ಯಂತ್ರದಲ್ಲಿ ಮಾತ್ರ ಇಡೀ ಹೋಮ್ ಡೈರೆಕ್ಟರಿಯೇ ಸೂಕ್ತ.

ಎನ್‌ಕ್ರಿಪ್ಟ್ ಆಜ್ಞೆ ಖಾಲಿ ಡೈರೆಕ್ಟರಿಯನ್ನಷ್ಟೇ ಸ್ವೀಕರಿಸುತ್ತದೆ. ಹಾಗಾಗಿ ಇರುವ ಕಡತಗಳನ್ನು ಒಳಗೆ ತರಲು ಹೊಸ ಡೈರೆಕ್ಟರಿ ಮಾಡಿ, ಎನ್‌ಕ್ರಿಪ್ಟ್ ಮಾಡಿ, ಅದಕ್ಕೆ ನಕಲಿಸಿ, ಹಳೆಯದನ್ನು ಅಳಿಸಬೇಕು. ಎಂವಿ ಆಜ್ಞೆಯಿಂದ ಸ್ಥಳಾಂತರಿಸಿದರೂ ಒಳಗೊಳಗೆ ನಡೆಯುವುದು ಇದೇ: ಎನ್‌ಕ್ರಿಪ್ಟ್ ಆಗದ ಕಡತವನ್ನು ಎನ್‌ಕ್ರಿಪ್ಟ್ ಆದ ಡೈರೆಕ್ಟರಿಗೆ ಹೆಸರು ಬದಲಿಸಿ ಸಾಗಿಸಲು ಕರ್ನಲ್ ಒಪ್ಪದೆ, ಆಜ್ಞೆ ನಕಲಿಸಿ ಅಳಿಸುತ್ತದೆ. ಅಳಿಸಿದ ಮೂಲದ ಬ್ಲಾಕ್‌ಗಳು ಡಿಸ್ಕ್‌ನಲ್ಲಿ ಇನ್ನೂ ಇರುತ್ತವೆ, ಮತ್ತು ಎಸ್‌ಎಸ್‌ಡಿಗಳಲ್ಲಿ ಮೇಲೆ ಬರೆದು ಅಳಿಸುವ ಉಪಾಯವನ್ನು ನಂಬುವಂತಿಲ್ಲ. ಕೆಳಗೆ ಲಕ್ಸ್ ಇರುವುದರ ಉಪಕಾರ ಇಲ್ಲಿ ಎದ್ದು ಕಾಣುತ್ತದೆ: ಉಳಿದ ಆ ಬ್ಲಾಕ್‌ಗಳೂ ಆರಿದ ಡಿಸ್ಕ್‌ನಲ್ಲಿ ಎನ್‌ಕ್ರಿಪ್ಟ್ ಆಗಿಯೇ ಇವೆ. ಎಫ್‌ಎಸ್‌ಕ್ರಿಪ್ಟ್ ಒಂದನ್ನೇ ಬಳಸಿದ್ದರೆ ಅವು ಬಯಲಾಗುತ್ತಿದ್ದವು.

ಕಡತದ ಹೆಸರುಗಳ ವಿಚಾರ ಕನ್ನಡ ಬಳಸುವವರಿಗೆ ಮುಖ್ಯ. ಎಕ್ಸ್ಟ್4ನಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಷ್ಟು ಉದ್ದದ ಹೆಸರಿಡಬಹುದು, ಗುಣಿತ ಚಿಹ್ನೆ ಮತ್ತು ಒತ್ತಕ್ಷರಗಳೂ ಆ ಲೆಕ್ಕದಲ್ಲಿ ಸೇರುತ್ತವೆ. ಹಿಂದಿನ ಇಕ್ರಿಪ್ಟ್‌ಎಫ್ಎಸ್‌ನಲ್ಲಿ ಹೆಸರನ್ನು ಎನ್‌ಕ್ರಿಪ್ಟ್ ಮಾಡಿದಾಗ ಆ ಮಿತಿ ಸುಮಾರು 143 ಬೈಟ್‌ಗೆ ಇಳಿಯುತ್ತಿತ್ತು; ಸ್ವಲ್ಪ ಉದ್ದದ ಕನ್ನಡ ಶೀರ್ಷಿಕೆಯ ಕಡತವನ್ನು ಉಳಿಸಲಾಗದೆ ದೋಷ ಬರುತ್ತಿತ್ತು. ಎಫ್‌ಎಸ್‌ಕ್ರಿಪ್ಟ್‌ನಲ್ಲಿ ಪೂರ್ತಿ 255 ಬೈಟ್‌ಗಳೂ ಲಭ್ಯ. ಹೆಸರಿನ ಉದ್ದದಿಂದ ಅದನ್ನು ಊಹಿಸದಂತೆ 4, 8, 16 ಅಥವಾ 32 ಬೈಟ್‌ಗಳ ಗುಣಕಕ್ಕೆ ಅದನ್ನು ಹಿಗ್ಗಿಸುವ ಆಯ್ಕೆಯಿದೆ. 32 ಎಂಬುದನ್ನೇ ಇಟ್ಟುಕೊಳ್ಳಿ.

ಎರಡೂ ಪದರ ಕೆಲಸ ಮಾಡುತ್ತಿವೆಯೇ ಎಂದು ನೋಡುವುದು

ನಿಜವಾದ ಡಿಸ್ಕ್ ಮುಟ್ಟುವ ಮೊದಲು 1 ಜಿಬಿಯ ಒಂದು ಕಡತದ ಮೇಲೆ ಇಡೀ ಕ್ರಮವನ್ನು ನಡೆಸಿ ನೋಡುವುದು ಜಾಣತನ. ಟ್ರಂಕೇಟ್ ಆಜ್ಞೆಯಿಂದ ಅಂಥ ಕಡತ ಮಾಡಿದರೆ ಕ್ರಿಪ್ಟ್‌ಸೆಟಪ್ ಅದನ್ನು ಡಿಸ್ಕ್‌ನಂತೆಯೇ ಬಳಸುತ್ತದೆ; ಅದರಲ್ಲಿ 16 ಎಂಬಿ ಲಕ್ಸ್2ರ ಹೆಡರ್‌ಗೆ ಹೋಗುತ್ತದೆ. ಎರಡೂ ಪದರ ಸಿದ್ಧವಾದ ಮೇಲೆ, ಬೇರೆಲ್ಲೂ ಬರಲಾರದ ಎರಡು ವಾಕ್ಯಗಳನ್ನು ಆರಿಸಿಕೊಂಡು, ಒಂದನ್ನು ಎನ್‌ಕ್ರಿಪ್ಟ್ ಆದ ಡೈರೆಕ್ಟರಿಯ ಕಡತದಲ್ಲೂ ಇನ್ನೊಂದನ್ನು ಅದರ ಹೊರಗಿನ ಕಡತದಲ್ಲೂ ಬರೆಯಿರಿ. ಸಿಂಕ್ ಆಜ್ಞೆ ಕೊಟ್ಟು, ತೆರೆದ ಮ್ಯಾಪರ್ ಸಾಧನದಲ್ಲಿ ಆ ಎರಡೂ ವಾಕ್ಯಗಳನ್ನು ಗ್ರೆಪ್ ಮೂಲಕ ಹುಡುಕಿ: ಹೊರಗಿನ ವಾಕ್ಯ ಸಿಗಬೇಕು, ಒಳಗಿನದು ಸಿಗಬಾರದು. ಬಳಿಕ ಅದೇ ಹುಡುಕಾಟವನ್ನು ಲಕ್ಸ್ ಇರುವ ಮೂಲ ಕಡತದಲ್ಲಿ ನಡೆಸಿ: ಎರಡೂ ಸಿಗಬಾರದು. ಯಾವ ಪದರ ಯಾವುದನ್ನು ಮುಚ್ಚುತ್ತಿದೆ ಎಂಬುದು ಈ ಒಂದು ಪರೀಕ್ಷೆಯಿಂದ ಕಣ್ಣಿಗೆ ಕಟ್ಟುತ್ತದೆ.

ಆಮೇಲೆ ಲಾಕ್ ಮಾಡಿ ಎಲ್‌ಎಸ್ ಕೊಟ್ಟರೆ ಹೆಸರುಗಳು ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತವೆ, ತೆರೆಯಲು ಹೋದರೆ ಬೇಕಾದ ಕೀಲಿ ಇಲ್ಲವೆಂಬ ಸಂದೇಶ ಬರುತ್ತದೆ. ಆದರೆ ಅಳಿಸಲು ಹೋದರೆ ಅವು ಅಳಿಸಿಹೋಗುತ್ತವೆ. ಡೈರೆಕ್ಟರಿಯಲ್ಲಿ ಬರೆಯುವ ಅನುಮತಿ ಇರುವವರಿಗೆ ಅಳಿಸಲು ಕೀಲಿ ಬೇಕಿಲ್ಲ ಎಂಬುದನ್ನು ಹಲವರು ತಡವಾಗಿ ಕಂಡುಕೊಳ್ಳುತ್ತಾರೆ. ಕೆಲವು ಕಡತಗಳು ಇನ್ನೂ ತೆರೆದಿವೆ ಎಂದು ಲಾಕ್ ಆಜ್ಞೆ ತಿಳಿಸಿದರೆ, ಆ ಕಡತಗಳು ಇನ್ನೂ ಓದಲು ಬರುತ್ತಿವೆ ಎಂದೇ ಅರ್ಥ. ಅವುಗಳನ್ನು ಹಿಡಿದಿರುವ ಪ್ರೋಗ್ರಾಮ್ ಮುಚ್ಚಿ ಮತ್ತೊಮ್ಮೆ ಲಾಕ್ ಕೊಡಬೇಕು.

ವೇಗ, ಮತ್ತು ಆಂಡ್ರಾಯ್ಡ್ ಹಿಡಿದ ದಾರಿ

ಎನ್‌ಕ್ರಿಪ್ಟ್ ಆದ ಡೈರೆಕ್ಟರಿಯ ಪ್ರತಿ ಬ್ಲಾಕ್ ಎರಡು ಬಾರಿ ಎಇಎಸ್ ಮೂಲಕ ಹಾದುಹೋಗುತ್ತದೆ, ಏಕೆಂದರೆ ಮೇಲಿಂದ ಬಂದ ಬ್ಲಾಕ್ ಈಗಾಗಲೇ ಎನ್‌ಕ್ರಿಪ್ಟ್ ಆಗಿದೆಯೇ ಎಂಬುದು ಡಿಎಂ-ಕ್ರಿಪ್ಟ್‌ಗೆ ತಿಳಿಯದು. ಈ ದುಪ್ಪಟ್ಟು ಕೆಲಸವನ್ನು ತಪ್ಪಿಸಲು ಆಂಡ್ರಾಯ್ಡ್ ಬೇರೊಂದು ದಾರಿ ಹಿಡಿದಿದೆ. 2016ರ ಆಂಡ್ರಾಯ್ಡ್ 7.0ರಲ್ಲಿ ಕಡತ ಮಟ್ಟದ ಎನ್‌ಕ್ರಿಪ್ಶನ್ ಬಂತು; ಅದು ಮುಚ್ಚದೆ ಬಿಟ್ಟ ಗಾತ್ರ, ರಚನೆ ಮುಂತಾದವನ್ನು ಮುಚ್ಚಲು ಆಂಡ್ರಾಯ್ಡ್ 9ರಲ್ಲಿ ಮೆಟಾಡೇಟಾ ಎನ್‌ಕ್ರಿಪ್ಶನ್ ಸೇರಿತು. ಇದಕ್ಕೆ ಬಳಸುವ ಡಿಎಂ-ಡೀಫಾಲ್ಟ್-ಕೀ ಎಂಬ ಪದರ, ಎಫ್‌ಎಸ್‌ಕ್ರಿಪ್ಟ್ ಮುಚ್ಚಿದ ಬ್ಲಾಕ್‌ಗಳನ್ನು ಹಾಗೆಯೇ ಕೆಳಗೆ ಬಿಟ್ಟು, ಉಳಿದವನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತದೆ. ತತ್ತ್ವದಲ್ಲಿ ಇದೇ ಅಚ್ಚುಕಟ್ಟಾದ ಪರಿಹಾರ. ಆದರೆ ಅದು ಆಂಡ್ರಾಯ್ಡ್‌ನ ಕರ್ನಲ್‌ಗೆ ಸೇರಿದ್ದು. ಸಾಮಾನ್ಯ ಡೆಸ್ಕ್‌ಟಾಪ್ ವಿತರಣೆಗಳಲ್ಲಿ ಕೈಗೆ ಸಿಗುವ ಸಾಧನವಲ್ಲ. ಎಕ್ಸ್ಟ್4ನ್ನು ಇನ್‌ಲೈನ್‌ಕ್ರಿಪ್ಟ್ ಆಯ್ಕೆಯೊಂದಿಗೆ ಮೌಂಟ್ ಮಾಡಿದರೆ ಎರಡು ಬಾರಿಯ ಕೆಲಸ ತಪ್ಪೀತೆಂದು ನಿರೀಕ್ಷಿಸಬೇಡಿ: ಕೆಳಗೆ ಡಿಎಂ-ಕ್ರಿಪ್ಟ್ ಇರುವಾಗ ಆ ಎನ್‌ಕ್ರಿಪ್ಶನ್ ಹಾರ್ಡ್‌ವೇರ್‌ಗೆ ತಲುಪದೆ ಬ್ಲಾಕ್ ಮಟ್ಟದ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತದೆ. ಆದ್ದರಿಂದ ಇಲ್ಲಿ ಉಳಿತಾಯಕ್ಕೆ ಇರುವ ಒಳ್ಳೆಯ ಮಾರ್ಗ, ಎಫ್‌ಎಸ್‌ಕ್ರಿಪ್ಟ್ ಹಚ್ಚುವ ಡೈರೆಕ್ಟರಿಗಳನ್ನು ಆರಿಸಿ ಮಿತವಾಗಿಡುವುದು. ವಿಡಿಯೊ ಸಂಗ್ರಹಕ್ಕೂ ವರ್ಚುವಲ್ ಯಂತ್ರಗಳ ಡಿಸ್ಕ್ ಕಡತಗಳಿಗೂ ಸಾಮಾನ್ಯವಾಗಿ ಅದು ಬೇಕಿಲ್ಲ.

ಎರಡು ಪದರಗಳಿದ್ದರೂ, ಡಿಸ್ಕ್‌ನ ಬ್ಲಾಕ್‌ಗಳನ್ನು ಯಾರಾದರೂ ಕೆಡಿಸಿದರೆ ಅದನ್ನು ಪತ್ತೆ ಮಾಡುವ ಗುಣ ಎಕ್ಸ್‌ಟಿಎಸ್‌ಗೆ ಇಲ್ಲ. ಅದು ಬೇರೆಯೇ ಸಮಸ್ಯೆ. ಡಿಎಂ-ಇಂಟೆಗ್ರಿಟಿ ಮೊದಲಾದವು ಅದಕ್ಕಿವೆ.

ಸೋರಿಕೆಯ ಜಾಗಗಳು

ಎಫ್‌ಎಸ್‌ಕ್ರಿಪ್ಟ್ ಮುಚ್ಚಿದ ಕಡತದ ವಿಷಯ, ಬಳಕೆಯಲ್ಲಿದ್ದಾಗ ಸ್ವಾಪ್‌ಗೆ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್‌ನ ಜಾಗ) ಹೋಗಿ ಕೂರಬಹುದು. ಸ್ವಾಪ್ ಲಕ್ಸ್‌ನ ಒಳಗೇ ಇದ್ದರೆ ಆರಿದ ಯಂತ್ರದಲ್ಲಿ ಅದು ಸುರಕ್ಷಿತ, ಆದರೆ ಡೈರೆಕ್ಟರಿ ಮುಚ್ಚಿದ ಮೇಲೂ ಓಡುತ್ತಿರುವ ಯಂತ್ರದಲ್ಲಿ ಅದು ರೂಟ್‌ಗೆ ಕಾಣುತ್ತದೆ. ಬೂಟ್ ಸಮಯದಲ್ಲಿ ತೆರೆಯಬೇಕಾದ ಎನ್‌ಕ್ರಿಪ್ಟ್ ಸಾಧನಗಳ ಪಟ್ಟಿಯಾದ ಕ್ರಿಪ್ಟ್‌ಟ್ಯಾಬ್‌ನಲ್ಲಿ ಪ್ರತಿ ಬೂಟ್‌ಗೂ ಹೊಸ ಯಾದೃಚ್ಛಿಕ ಕೀಲಿಯ ಸ್ವಾಪ್ ಇಟ್ಟರೆ ಹಳೆಯ ಅವಶೇಷಗಳು ಮುಂದಿನ ಬೂಟ್‌ಗೆ ಉಳಿಯುವುದಿಲ್ಲ. ಹೈಬರ್ನೇಟ್ ಸೌಲಭ್ಯವನ್ನು ಮಾತ್ರ ಬಿಡಬೇಕಾಗುತ್ತದೆ. ಮುಚ್ಚಿದ ಮೇಲೆ ಬಿಡುಗಡೆಯಾದ ಮೆಮೊರಿ ಪುಟಗಳಲ್ಲಿ ಉಳಿಯುವ ತುಣುಕುಗಳ ಬಗ್ಗೆ ಚಿಂತೆಯಿದ್ದರೆ, 5.3ನೇ ಕರ್ನಲ್‌ನಿಂದ ಇರುವ ಇನಿಟ್-ಆನ್-ಫ್ರೀ ಎಂಬ ಬೂಟ್ ಆಯ್ಕೆಯನ್ನು ಹಚ್ಚಬಹುದು. ಎಸ್‌ಎಸ್‌ಡಿಗಾಗಿ ಡಿಸ್ಕಾರ್ಡ್ (ಖಾಲಿಯಾದ ಬ್ಲಾಕ್‌ಗಳನ್ನು ಡಿಸ್ಕ್‌ಗೆ ತಿಳಿಸುವ ಸೌಲಭ್ಯ) ಅನುಮತಿಸಿದರೆ ಯಾವ ಬ್ಲಾಕ್‌ಗಳು ಖಾಲಿ ಎಂಬುದು ಡಿಸ್ಕ್ ನೋಡುವವರಿಗೆ ತಿಳಿಯುತ್ತದೆ. ಬಹುತೇಕರ ಮಟ್ಟಿಗೆ ಇದು ಒಪ್ಪಬಹುದಾದ ಬೆಲೆ.

ಪಿಎಎಂ ಮೂಲಕ ತೆರೆಯುವ ಹೋಮ್ ಡೈರೆಕ್ಟರಿಗಳಲ್ಲಿ ಎರಡು ತೊಡಕುಗಳು ಪದೇ ಪದೇ ಎದುರಾಗುತ್ತವೆ. ಎಸ್‌ಎಸ್‌ಎಚ್‌ನಲ್ಲಿ ಸಾರ್ವಜನಿಕ ಕೀಲಿಯಿಂದ ಲಾಗಿನ್ ಆದರೆ ಪಾಸ್‌ವರ್ಡ್ ಪಿಎಎಂಗೆ ಸಿಗುವುದಿಲ್ಲ, ಹಾಗಾಗಿ ಡೈರೆಕ್ಟರಿ ಮುಚ್ಚಿಯೇ ಇರುತ್ತದೆ. ಆ ಕೀಲಿಗಳ ಪಟ್ಟಿ ಅದೇ ಡೈರೆಕ್ಟರಿಯಲ್ಲಿದ್ದರೆ ಲಾಗಿನ್ನೇ ಆಗದು. ಎರಡನೆಯದಾಗಿ, ಬಳಕೆದಾರರು ತಾವೇ ಪಾಸ್‌ವರ್ಡ್ ಬದಲಿಸಿದರೆ ಪ್ರೊಟೆಕ್ಟರ್ ಕೂಡ ಹೊಸದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ರೂಟ್ ಬದಲಿಸಿಕೊಟ್ಟರೆ ಹಳೆಯ ಪಾಸ್‌ವರ್ಡ್ ತಿಳಿದಿಲ್ಲದೆ ಡೈರೆಕ್ಟರಿ ತೆರೆಯುವುದಿಲ್ಲ. ಮರೆತ ಪಾಸ್‌ವರ್ಡ್ ಸರಿಪಡಿಸಿಕೊಡಿ ಎಂದು ಬರುವವರಿಗೆ ನಿರ್ವಾಹಕರು ಇದನ್ನು ಮೊದಲೇ ತಿಳಿಸಿರಬೇಕು, ಮತ್ತು ಪ್ರತಿ ಪಾಲಿಸಿಗೂ ಚೇತರಿಕೆಯ ಪಾಸ್‌ಫ್ರೇಸ್ ಇರುವ ಎರಡನೇ ಪ್ರೊಟೆಕ್ಟರನ್ನು ಸೇರಿಸಿಡಬೇಕು.

ಬ್ಯಾಕಪ್ ಮತ್ತು ವಿಲೇವಾರಿ

ಮುಚ್ಚಿರುವ ಡೈರೆಕ್ಟರಿಯ ಕಡತಗಳನ್ನು ಕೀಲಿಯಿಲ್ಲದೆ ಓದಲು ಬಾರದ್ದರಿಂದ ಕಡತಗಳನ್ನು ನಕಲಿಸುವ ಬ್ಯಾಕಪ್ ಉಪಕರಣಗಳು ಅವುಗಳನ್ನು ಬಿಟ್ಟು ಮುಂದೆ ಹೋಗುತ್ತವೆ, ಮತ್ತು ಯಾರೂ ಲಾಗ್ ಓದದಿದ್ದರೆ ಅದು ಗಮನಕ್ಕೇ ಬರುವುದಿಲ್ಲ. ಡೈರೆಕ್ಟರಿ ತೆರೆದಿರುವಾಗಲೇ ಬ್ಯಾಕಪ್ ನಡೆಯುವಂತೆ ನೋಡಿಕೊಳ್ಳಿ. ಆಗ ನಕಲಾಗುವುದು ಎನ್‌ಕ್ರಿಪ್ಟ್ ಆಗದ ವಿಷಯವಾದ್ದರಿಂದ, ಬ್ಯಾಕಪ್ ಡಿಸ್ಕ್‌ಗೆ ಅದರದೇ ಆದ ಲಕ್ಸ್ ಇರಬೇಕು. ಫೈಲ್ ಸಿಸ್ಟಮ್‌ನ ಬೇರಿನಲ್ಲಿರುವ, ಚುಕ್ಕೆಯಿಂದ ಆರಂಭವಾಗುವ ಎಫ್‌ಎಸ್‌ಕ್ರಿಪ್ಟ್ ಡೈರೆಕ್ಟರಿಯಲ್ಲಿ ಪಾಲಿಸಿ ಮತ್ತು ಪ್ರೊಟೆಕ್ಟರ್‌ಗಳಿವೆ. ಅವು ಅಳಿಸಿಹೋದರೆ ಡೈರೆಕ್ಟರಿ ಮತ್ತೆ ತೆರೆಯದು. ಲಕ್ಸ್ ಹೆಡರ್‌ನ ಪ್ರತಿಯೊಂದಿಗೆ ಇವುಗಳ ಪ್ರತಿಯನ್ನೂ ಇಡಿ.

ಇದೇ ಗುಣ ವಿಲೇವಾರಿಯ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ. ಒಬ್ಬ ಬಳಕೆದಾರರು ಬಿಟ್ಟುಹೋದಾಗ ಅವರ ಕಡತಗಳ ಜೊತೆಗೆ ಪಾಲಿಸಿ ಮತ್ತು ಪ್ರೊಟೆಕ್ಟರ್‌ಗಳನ್ನೂ ನಾಶಮಾಡಿ. ಡಿಸ್ಕನ್ನೇ ಹೊರಹಾಕುವಾಗ ಕ್ರಿಪ್ಟ್‌ಸೆಟಪ್‌ನ ಇರೇಸ್ ಆಜ್ಞೆ ಲಕ್ಸ್‌ನ ಎಲ್ಲ ಕೀಲಿಸ್ಥಾನಗಳನ್ನೂ ಅಳಿಸುತ್ತದೆ. ಬೇರೆಡೆ ಇಟ್ಟಿದ್ದ ಹೆಡರ್ ಪ್ರತಿಗಳನ್ನೂ ಅಂದೇ ಅಳಿಸಿ, ಏಕೆಂದರೆ ಅವುಗಳಲ್ಲಿ ಒಂದು ಉಳಿದರೂ ಹಳೆಯ ಪಾಸ್‌ಫ್ರೇಸ್ ಬಲ್ಲವರು ಆ ಡಿಸ್ಕನ್ನು ತೆರೆಯಬಲ್ಲರು.